ಮಾವ ರ‍್ಯಾಲಿ ಕಾರು ನಿಲ್ಲಿಸಿದ್ದು

ಸ್ನೇಹಿತರೇ, ಇವತ್ತು ನಮ್ಮ ಮನೆಯ ಟಿ.ವಿ.ಯಲ್ಲಿ ರ‍್ಯಾಲಿ ನಡೆಯಿತು. ಹೈಸ್ಕೂಲಿನಲ್ಲಿದ್ದಾಗ ಕುಂದಾಪುರದ ಸೈಬರಿನಲ್ಲಿ ಕೀಬೋರ್ಡ್ ಕುಟ್ಟಿ ಆಡುತ್ತಿದ್ದ ಗೇಮ್ ಹೊಸ ರೂಪದಲ್ಲಿ ಬಂದಿದೆಯೆಂದು ಸ್ಟೀಯರಿಂಗ್, ಪೆಡಲ್ ಸಮೇತ ತರಿಸಿದ್ದೆ. ಊಟಕ್ಕೆ ಬಂದಿದ್ದ ಸೋದರಮಾವನಿಗೆ ನನ್ನ ದಾಖಲೆ ತೋರಿಸಿದೆ. ಅವರು ಕುಂದಾಪುರ–ಬೈಂದೂರು ಬಸ್ಸನ್ನು ಮೂವತ್ತು ವರ್ಷ ಓಡಿಸಿದವರು.

"ಇದೊಂದ್ ಸ್ಪೀಡಾ? ಆಚಿಗ್ ಸರಿ ಮರಾಯ," ಎಂದು ಕೂತರು.

ಮೊದಲ ತಿರುವಿನಲ್ಲಿ ಹಾರ್ನ್ ಹುಡುಕಿದರು. ಎರಡನೆಯ ತಿರುವಿನಲ್ಲಿ ಕಾರನ್ನು ಎಡಕ್ಕೆ ತಂದು ನಿಲ್ಲಿಸಿಯೇ ಬಿಟ್ಟರು.

"ಎಂತಕ್ ನಿಲ್ಸಿದ್ರಿ ಮಾವ?"

"ಕಣ್ ಕಾಂತಿಲ್ಯಾ? ಜನ ಕೈ ಅಡ್ಡ ಹಿಡ್ದಿದ್ರ್."

"ಅವ್ರ್ ರೇಸ್ ಕಾಂಬುಕ್ ಬಂದವ್ರ್! ಖುಷಿಗ್ ಕೈ ಬೀಸೂದ್!"

"ಹಾಂಗಂದೇಳಿ ಬಿಟ್ಟಿಕ್ ಹೋಪುಕಾತ್ತಾ? ಇದ್ರ ಬಾಗ್ಲ್ ಹ್ಯಾಂಗ್ ತೆಗಿಯೂದ್?"

ಪರದೆಯ ಮೇಲೆ ಸೆಕೆಂಡುಗಳು ಓಡುತ್ತಲೇ ಇದ್ದವು. ಒಳಗೆ ಅಮ್ಮನ ಜೊತೆ ಬಂಗುಡೆ ತೊಳೆಯುತ್ತಿದ್ದ ಅತ್ತೆ ಒದ್ದೆ ಕೈಯಲ್ಲೇ ಹೊರಗೆ ಬಂದರು.

"ಹ್ವಾಯ್, ನಾನ್ ಅಪ್ಪನ ಮನಿಯಿಂದ ಬಪ್ಪತಿಗೆ ನಾವುಂದ ಸ್ಟಾಪಲ್ಲ್ ನಿಮ್ಮ ಬಸ್ಸಿಗ್ ಕೈ ಅಡ್ಡ ಹಿಡ್ದ್ರೆ ಒಂದ್ ಸರ್ತಿಯಾರೂ ನಿಲ್ಸಿದ್ರ್ಯಾ? ಟೈಮಿಲ್ಲೆ ಅಂದ್ಕಂಡ್ ಸೀದಾ ಹೋತಿದ್ರಿ!"

ಮಾವ ಬಾಗಿಲು ಹುಡುಕುವುದನ್ನು ಬಿಟ್ಟರು. ಗೇರ್ ಹಾಕಿ ಆಕ್ಸಿಲರೇಟರನ್ನು ಪೂರ್ತಿ ತುಳಿದರು. ಆಮೇಲೆ ಯಾರು ಎಷ್ಟು ಕೈ ಬೀಸಿದರೂ ಕಾರು ನಿಲ್ಲಲಿಲ್ಲ.

ಅತ್ತೆ ಒಂದು ನಿಮಿಷ ಮೊದಲೇ ಹೊರಗೆ ಬಂದಿದ್ದರೆ ನನ್ನ ದಾಖಲೆ ಇವತ್ತೇ ಮಣ್ಣಾಗುತ್ತಿತ್ತು.