ಎತ್ತಿದ ಎಡಗೈ

ದಂತವೈದ್ಯರಿಗೆ ಇಂಪ್ಲಾಂಟ್ ಹಾಕುವುದನ್ನು ಕಲಿಸುತ್ತೇನೆ ಎಂದು ಹೇಳಿಕೊಳ್ಳುವಾಗ ಮೊದಲೆಲ್ಲ ನನ್ನ ಎದೆ ಸ್ವಲ್ಪ ಉಬ್ಬುತ್ತಿತ್ತು. ದವಡೆಯ ಮೂಳೆಯೊಳಗೆ ಟೈಟೇನಿಯಂ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವ ವಿದ್ಯೆ ಇದು. ಇಂದಿರಾನಗರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಭಾನುವಾರಗಳಂದು ಪಾಠ. ಬರುವವರೆಲ್ಲ ಸ್ವಂತ ಕ್ಲಿನಿಕ್ ಇಟ್ಟವರು. ಮೊದಲು ಪ್ಲಾಸ್ಟಿಕ್ ದವಡೆ, ಆಮೇಲೆ ಶಿವಾಜಿನಗರದ ಮಾರ್ಕೆಟ್ಟಿನಿಂದ ತರಿಸಿದ ಕುರಿಯ ದವಡೆ, ಕೊನೆಗೆ ಮನುಷ್ಯರು. ಆ ಮನುಷ್ಯರಿಗೆ ನಾವು ‘ಕೋರ್ಸ್ ಪೇಷೆಂಟ್’ ಎನ್ನುತ್ತೇವೆ. ಅವರಿಗೆ ಹಲ್ಲು ಪುಕ್ಕಟೆ, ನಮಗೆ ಬಾಯಿ ಪುಕ್ಕಟೆ.

ಕೆಳದವಡೆಯ ಒಳಗೆ ಒಂದು ನರ ಹರಿದು ತುಟಿಗೆ ಬರುತ್ತದೆ. ಡ್ರಿಲ್ ಅದಕ್ಕೆ ತಗುಲಿದರೆ ತುಟಿ ಮರಗಟ್ಟುತ್ತದೆ, ಕೆಲವೊಮ್ಮೆ ಶಾಶ್ವತವಾಗಿ. ಅದಕ್ಕೇ ನಾನು ಇಡೀ ದವಡೆಗೆ ಅರಿವಳಿಕೆ ಕೊಡಿಸುವುದಿಲ್ಲ, ಒಸಡಿನ ಸುತ್ತ ಮಾತ್ರ. ಡ್ರಿಲ್ ನರದ ಹತ್ತಿರ ಹೋದರೆ ರೋಗಿಗೇ ಚುರುಕ್ ಎನ್ನಬೇಕು, ಅವರು ಎಡಗೈ ಎತ್ತಬೇಕು, ನಾವು ನಿಲ್ಲಿಸಬೇಕು. ‘ಸ್ಕ್ಯಾನ್ ಸುಳ್ಳು ಹೇಳಬಹುದು, ಕೈ ಸುಳ್ಳು ಹೇಳುವುದಿಲ್ಲ’ ಎಂಬುದು ನನ್ನ ಖಾಯಂ ಡೈಲಾಗು. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಿದ್ದರು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದೆಂದು ಆಗ ತಿಳಿದಿರಲಿಲ್ಲ.

ಆ ಬ್ಯಾಚಿಗೆ ಬಂದ ರೋಗಿಯೊಬ್ಬರು ಕಲಬುರಗಿ ಕಡೆಯ ಹೆಂಗಸು, ನಲವತ್ತೈದರ ಆಸುಪಾಸು. ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲಿ ಕೂತು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದರು. ಎರಡು ಕೈಯೂ ಗಂಟು ಹಾಕುವಾಗ ಉಳಿದ ಎಳೆಗಳನ್ನು ತುಟಿಯಲ್ಲಿ ಹಿಡಿಯಬೇಕು, ಹಲ್ಲಲ್ಲಿ ಹಿಡಿದರೆ ರೇಷ್ಮೆ ಕತ್ತರಿಸಿಹೋಗುತ್ತದೆ ಎಂದು ಆಕೆಯೇ ನನಗೆ ವಿವರಿಸಿದ್ದರು. ನಾನು ತಲೆಯಾಡಿಸಿ, ಮರೆತೂ ಬಿಟ್ಟಿದ್ದೆ.

ಡ್ರಿಲ್ ಹಿಡಿದದ್ದು ಕಲ್ಯಾಣ ನಗರದಲ್ಲಿ ಕ್ಲಿನಿಕ್ ಇರುವ ಒಬ್ಬ ಯುವ ವೈದ್ಯೆ. ಎಚ್ಚರದ ಕೈ ಆಕೆಯದು. ಅದು ಕೋರ್ಸಿನ ಕೊನೆಯ ದಿನವಾದ್ದರಿಂದ ಫೋಟೋದವನು ಬಂದಿದ್ದ. ನಾನು ಕುರ್ಚಿಯ ಹಿಂದೆ ನಿಂತು, ಮಾಸ್ಕ್ ಇಳಿಸಿ, ಕ್ಯಾಮೆರಾಗೆ ಗುರುವಿನ ಮುಖ ಕೊಡುತ್ತಿದ್ದೆ. ಆಗ ಹಸಿರು ಬಟ್ಟೆಯ ಕೆಳಗಿಂದ ರೋಗಿಯ ಎಡಗೈ ಮೇಲೆ ಬಂತು.

ವೈದ್ಯೆ ಡ್ರಿಲ್ ನಿಲ್ಲಿಸಿ ನನ್ನ ಮುಖ ನೋಡಿದರು. ಫೋಟೋದವನು ಇನ್ನೊಂದು ತೆಗೆಯುತ್ತೇನೆ ಎಂದ. ನಾನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, “ಪ್ರೆಷರ್ ಅಷ್ಟೇ, ಕಂಟಿನ್ಯೂ ಮಾಡಿ” ಅಂದೆ. ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ತಾನಾಗಿಯೇ ಇಳಿಯಿತು.

ಎಕ್ಸ್‌ರೇಯಲ್ಲಿ ಸ್ಕ್ರೂವಿನ ತುದಿ ನರದ ಗೆರೆಯನ್ನು ಮುಟ್ಟಿದಂತೆ ಕಂಡಿತು. ತೆಗೆದ ಕೋನ ಸರಿಯಿಲ್ಲ ಎಂದುಕೊಂಡೆ. ಬೇಕಾದ್ದನ್ನು ನಂಬುವುದಕ್ಕೆ ನಮ್ಮ ವೃತ್ತಿಯಲ್ಲಿ ಕಾರಣಗಳಿಗೆ ಬರವಿಲ್ಲ.

ಸಂಜೆ ಹಲಸೂರಿನ ಮನೆಯಿಂದ ಆಕೆಗೆ ಫೋನ್ ಮಾಡಿದೆ. ಅದೂ ನನ್ನದೇ ನಿಯಮ. “ನೋವು ಏನಾದ್ರೂ ಗೊತ್ತಾಗ್ತಿದ್ಯೇನಮ್ಮ?” ಎಂದು ಕೇಳಿದೆ.

“ಏನೂ ಗೊತ್ತಾಗವಲ್ದ್ರಿ ಸರ.”

ಒಳ್ಳೇದಾಯ್ತು ಎಂದು ಫೋನ್ ಇಟ್ಟು, ಆಕೆಯ ಕೇಸ್ ಹಾಳೆಯಲ್ಲಿ ‘ತೊಂದರೆ ಇಲ್ಲ’ ಎಂದು ಬರೆದೆ. ನಾನು ಕೇಳಿದ್ದು ನೋವಿನ ಬಗ್ಗೆ, ಆಕೆ ಹೇಳಿದ್ದು ತುಟಿಯ ಬಗ್ಗೆ. ಆ ರಾತ್ರಿಯೋ ಮರುದಿನವೋ ಸ್ಕ್ರೂ ಹೊರಗೆ ತೆಗೆದಿದ್ದರೆ ನರ ಪೂರ್ತಿ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ‘ತುಟಿ ಜೋಮು ಹಿಡಿದಿದೆಯಾ’ ಎಂಬ ಮೂರು ಪದ ನನ್ನ ಬಾಯಿಗೆ ಬರಲಿಲ್ಲ.

ವಾರದ ಮೇಲೆ ಹೊಲಿಗೆ ಬಿಚ್ಚಿಸಲು ಬಂದಾಗ ಆಕೆಯ ಕೆಳತುಟಿಯ ಬಲಭಾಗದಲ್ಲಿ ಬಿಸಿ ಚಹಾ ತಗುಲಿ ಎದ್ದ ಬೊಬ್ಬೆ ಇತ್ತು, ತಾವೇ ಕಚ್ಚಿಕೊಂಡ ಗಾಯವೂ ಇತ್ತು. ಎಳೆಗಳು ತುಟಿಯಿಂದ ಜಾರಿ ಬೀಳುತ್ತಿವೆ, ಬಿದ್ದದ್ದೂ ತಿಳಿಯುವುದಿಲ್ಲ, ಒಂದು ಸೀರೆ ಹಾಳಾಯಿತು ಎಂದರು. ಜಗಳದ ಧ್ವನಿ ಇರಲಿಲ್ಲ. ಫೋನಿನಲ್ಲಿ ಹೇಳಿದ್ದೆನಲ್ಲ ಎಂದು ಮಾತ್ರ ನೆನಪಿಸಿದರು. ಅವತ್ತೇ ಸ್ಕ್ರೂ ತೆಗೆದೆ.

ಮುಂದಿನದು ಹೇಳಲು ಇನ್ನೂ ನಾಚಿಕೆ. ಆಮೇಲಿನ ಬ್ಯಾಚಿಗೆ ಆ ಎಕ್ಸ್‌ರೇ ತೋರಿಸಿ, ಕಲಿಯುವವರು ಆಳ ಮೀರಿದರೆ ಹೀಗಾಗುತ್ತದೆ ಎಂದು ಪಾಠ ಮಾಡಿದೆ. ಕೈಯ ಸುದ್ದಿ ಎತ್ತಲಿಲ್ಲ. ಕಲ್ಯಾಣ ನಗರದ ವೈದ್ಯೆಯ ಕಿವಿಗೆ ಅದು ಬಿತ್ತು. ಅವರು ಡ್ರಿಲ್ ಸೆಟ್ ಮಾರಿ, ಇಂಪ್ಲಾಂಟಿನ ಸಹವಾಸವೇ ಬಿಟ್ಟರಂತೆ. ಅವರಿಗೆ ಮಾಡಬೇಕಾದ ಫೋನನ್ನು ನಾನಿನ್ನೂ ಮಾಡಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಂಡದ್ದು ಇಬ್ಬರು ಹೆಂಗಸರು.

ಕುಚ್ಚಿನಾಕೆ ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಾರೆ. ಕಣ್ಣು ಮುಚ್ಚಿಸಿ ತುಟಿಗೆ ಹತ್ತಿಯ ಎಳೆ ತಾಗಿಸುತ್ತೇನೆ, ಗೊತ್ತಾದರೆ ಎಡಗೈ ಎತ್ತಬೇಕು. ಮೊದಲು ಆರೋಗ್ಯವಾಗಿರುವ ಎಡಭಾಗ, ಆಮೇಲೆ ಬಲಭಾಗ. ಬಲಭಾಗದ ತುದಿಯಲ್ಲಿ ಸ್ವಲ್ಪ ಸ್ಪರ್ಶ ಮರಳಿತ್ತು. ಕಳೆದ ಸಲ ಬಂದಾಗ ಕುಚ್ಚಿನ ಎಳೆ ಹಿಡಿಯಲು ಬಟ್ಟೆ ಕ್ಲಿಪ್ ಬಳಸುತ್ತಿದ್ದೇನೆ, ಕೆಲಸ ಅರ್ಧಕ್ಕಿಳಿದಿದೆ ಎಂದರು. ಅದು ಕೇಳಿ ನನಗೆ ತಡೆಯಲಾಗಲಿಲ್ಲ. ಅವತ್ತು ನೀವು ಕೈ ಎತ್ತಿದ್ದಿರಿ ಅಲ್ಲವೇ ಎಂದೆ.

“ಎತ್ತಿದ್ದೆ ರೀ. ನೀವು ನೋಡಿಲ್ಲ ಅನ್ಕೊಂಡೆ. ಮಂದಿ ಭಾಳ ಇದ್ರಲ್ರಿ.”

ಅಷ್ಟು ತಿಂಗಳು ಆಕೆ ನನ್ನ ಪರವಾಗಿ ಕಾರಣ ಹುಡುಕಿಕೊಂಡಿದ್ದರು. “ನೋಡಿದ್ದೆನಮ್ಮ” ಅಂದೆ.

ಆಕೆ ಸೆರಗು ಸರಿಮಾಡಿಕೊಂಡು, ಎಂದಿನಂತೆ ಕಣ್ಣು ಮುಚ್ಚಿದರು. ನಾನು ಎಡಭಾಗಕ್ಕೆ ಹತ್ತಿ ತಾಗಿಸಿದೆ. ಕೈ ಮಡಿಲಲ್ಲೇ ಇತ್ತು. ಇನ್ನೊಮ್ಮೆ ತಾಗಿಸಿದೆ, ಏಳಲಿಲ್ಲ. ಗಾಬರಿಯಾಗಿ, ಗೊತ್ತಾಗಲಿಲ್ಲವೇ ಎಂದು ಕೇಳಿದೆ.

“ಗೊತ್ತಾತ್ರಿ” ಅಂದರು, ಕಣ್ಣು ಬಿಡದೆ.