ಕೀಟಾಲ್ ಒಡೆದಾಗ ಹೊರಬಂದದ್ದು

ಎಥನಾಲ್ ಬಿಟ್ಟು ಮೆಥನಾಲ್‌ಗೆ ಬಂದದ್ದರಿಂದ ನಮ್ಮ ಘಟಕಕ್ಕೆ ಪ್ರತಿ ಬ್ಯಾಚಿನಲ್ಲೂ ಖರ್ಚು ಉಳಿಯಿತು. ನಮ್ಮ ಕೆಲಸಗಾರ ಗುಂಡಪ್ಪನ ಎರಡೂ ಕಣ್ಣು ಹೋದವು. ಡ್ರಮ್ಮಿನೊಳಗಿನದು ಬದಲಾಗಿತ್ತು, ಡ್ರಮ್ಮು ಬದಲಾಗಿರಲಿಲ್ಲ.

ಕೊರೋನಾ ಮುಗಿದ ಮರುವರ್ಷದ ಮಾತು. ಆಳಂದದ ಹೊರಗೆ, ಔಷಧ ಕಂಪನಿಗಳಿಗೆ ಕಚ್ಚಾ ರಾಸಾಯನಿಕ ಮಾಡಿಕೊಡುವ ಸಣ್ಣ ಘಟಕ ನನ್ನದು. ನಾನು ಅಫಜಲಪುರದವನು, ಹಳೆಯ ಡ್ರಮ್ಮು ಕೊಂಡು, ತೊಳೆದು ಮಾರುತ್ತಾ ಈ ದಂಧೆಗೆ ಬಂದವನು. ಕೆಮಿಸ್ಟ್ರಿ ಕಲಿತದ್ದು ನಮ್ಮ ಕೆಮಿಸ್ಟ್, ಜೇವರ್ಗಿಯ ಸುಜಾತಾಳಿಂದ.

ಅವಳು ತಿಳಿಸಿದಂತೆಯೇ ಹೇಳುತ್ತೇನೆ. ನಮ್ಮ ಮಾಲಿನ ಅಣುವಿನಲ್ಲಿ ಕೀಟೋನ್ ಎಂಬ ನಾಜೂಕು ಭಾಗವಿದೆ. ಮುಂದಿನ ಕ್ರಿಯೆಯಲ್ಲಿ ಅದು ಕೆಡದಿರಲೆಂದು ಆಲ್ಕೋಹಾಲ್ ಕೂಡಿಸಿ ಮುಚ್ಚುತ್ತೇವೆ. ಹಾಗೆ ಮುಚ್ಚಿದ್ದು ಕೀಟಾಲ್. ಕೆಲಸವಾದ ಮೇಲೆ ಆಸಿಡ್ಡು, ನೀರು ಹಾಕಿದರೆ ಕೀಟಾಲ್ ಒಡೆದು ಕೀಟೋನ್ ಮರಳುತ್ತದೆ, ಕೂಡಿಸಿದ ಆಲ್ಕೋಹಾಲ್ ಹೊರಬೀಳುತ್ತದೆ. ಅದನ್ನು ಬಟ್ಟಿ ಇಳಿಸಿ ನೀಲಿ ಡ್ರಮ್ಮಿಗೆ ತುಂಬುತ್ತಿದ್ದೆವು. ಮೊದಲು ಬರುತ್ತಿದ್ದದ್ದು ಎಥನಾಲ್, ಮದ್ಯದಲ್ಲಿರುವುದೂ ಅದೇ. ಮೆಥನಾಲಿನ ಕೀಟಾಲೇ ಸಾಕು, ಅಗ್ಗವಾಗುತ್ತದೆ ಎಂದಿತು ಮಾಲು ಕೊಳ್ಳುವ ಕಂಪನಿ. ದರ ಕುದುರಿಸಿ ಒಪ್ಪಿಕೊಂಡೆ. ಈಗ ಹೊರಬೀಳುವುದು ಮೆಥನಾಲ್ ಆದ್ದರಿಂದ ಅದೇ ನೀಲಿ ಡ್ರಮ್ಮಿಗೆ ಹೊಸ ಲೇಬಲ್ ಅಂಟಿಸಿದೆವು.

ಗುಂಡಪ್ಪ ಹಿರೋಳ್ಳಿಯವನು, ರಿಯಾಕ್ಟರ್ ಆಪರೇಟರ್. ಪಾಳಿ ಮುಗಿಸಿ ಹೋಗುವಾಗ ಆ ಡ್ರಮ್ಮಿನಿಂದ ಬಾಟಲಿಗಿಷ್ಟು ಇಳಿಸಿಕೊಂಡು, ಮನೆಯಲ್ಲಿ ನೀರು ಬೆರೆಸಿ ಕುಡಿಯುವ ಚಟ ಅವನಿಗಿತ್ತೆಂದು ನಮಗೆ ಗೊತ್ತಾದದ್ದು ಆಮೇಲೆ.

ಕಡುಬೇಸಿಗೆಯ ಒಂದು ಬೆಳಗ್ಗೆ ಕೆಲಸಕ್ಕೆ ಬಂದವನು ಬಾಗಿಲ ಚೌಕಟ್ಟು ಹಿಡಿದು ನಿಂತ.

“ಏನ್ ಮಂಜ ಬಿದ್ದದರಿ ಸಾಹೇಬ್ರ, ಗೇಟ್ ಸುದ್ದಾ ಕಾಣವಲ್ದು.”

ಬಾಯ್ಲರ್ ನೋಡಿಕೊಳ್ಳುವ ರಶೀದ್ ನಕ್ಕ. “ಲೇ ಗುಂಡ್ಯಾ, ಬ್ಯಾಸಗ್ಯಾಗ ಮಂಜೇನಲೇ? ಮಾರಿ ತೊಳಕೊಂಡ್ ಬಾ!”

ನಾವೆಲ್ಲ ನಕ್ಕೆವು. ಸುಜಾತಾ ನಗಲಿಲ್ಲ.

“ಕಾಕಾ, ನಿನ್ನಿ ಏನ್ ಕುಡದೀರಿ?”

“ಸೆರೆ ಅಲ್ಲವ್ವ. ನಮ್ಮ ಡ್ರಮ್ಮಿಂದು, ಯಾವಾಗ್ಲೂ ಕುಡಿಯೋದೇ.”

“ಅದು ಮೊದಲಿನ ಮಾಲಲ್ಲ ಕಾಕಾ!”

ಕಲಬುರಗಿಯ ಆಸ್ಪತ್ರೆಗೆ ನಾನೇ ಕಾರು ಓಡಿಸಿದೆ. ಮೆಥನಾಲ್ ಮೈಯೊಳಗೆ ಫಾರ್ಮಿಕ್ ಆಸಿಡ್ ಆಗಿ ಕಣ್ಣಿನ ನರವನ್ನು ಕೆಡಿಸುತ್ತದೆ ಎಂದರು ಡಾಕ್ಟರು. ಡಯಾಲಿಸಿಸ್ ಶುರುವಾಯಿತು. ನನಗೆ ಬರುವ ವಿದ್ಯೆ ಒಂದೇ.

“ಖರ್ಚು ಎಷ್ಟರೆ ಆಗ್ಲಿರಿ, ಒಂದು ಕಣ್ಣರೆ ಉಳಸ್ರಿ.”

“ಇದ್ರಾಗ ಚೌಕಾಸಿ ನಡ್ಯಂಗಿಲ್ರಿ,” ಎಂದರು ಅವರು.

ಜೀವ ಉಳಿಯಿತು, ಅಷ್ಟೇ.

ಅವನು ಊರಿಗೆ ಮರಳಿದ ಮೇಲೆ ನೋಡಲು ಹೋದೆ. ಹೆಂಡತಿ ಶಾಂತಾಬಾಯಿ ಅವನ ಕೈಹಿಡಿದು ತಾಟಿನಲ್ಲಿ ರೊಟ್ಟಿ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಮುಟ್ಟಿಸುತ್ತಿದ್ದಳು.

“ಡ್ರಮ್ಮಿನ ಮ್ಯಾಲ ಏನರೆ ಬರದಿದ್ರೇನ್ರಿ ಸಾಹೇಬ್ರ?” ಎಂದು ಕೇಳಿದ.

“ಬರದಿದ್ವಿ ಗುಂಡಪ್ಪ. ಇಂಗ್ಲಿಷ್‌ನಾಗ.”

ರೊಟ್ಟಿ ಮುರಿದು ಪಲ್ಯಕ್ಕೆ ತಡಕಾಡಿದ. “ನನಗ ಕನ್ನಡ ಓದಾಕ ಬರ್ತಿತ್ತರಿ,” ಎಂದ.

ಸಂಬಳ ಈಗಲೂ ಅವನ ಮನೆಗೆ ಹೋಗುತ್ತದೆ. ಅದನ್ನು ಪರಿಹಾರ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇಂಥ ಘಟಕ ನಡೆಸುವವರು ನೀವಾಗಿದ್ದರೆ ಒಂದು ಮಾತು ಕೇಳಿ. ಕೀಟಾಲ್ ಬದಲಿಸುವಾಗ ಕೈಗೆ ಬರುವ ಮಾಲಿನ ಬಗ್ಗೆ ವಿಚಾರಿಸಿದರೆ ಸಾಲದು. ಒಡೆದಾಗ ಹೊರಗೆ ಏನು ಬೀಳುತ್ತದೆ, ಅದು ಯಾರ ಕೈಗೆ ಸಿಗುತ್ತದೆ ಎಂದು ಕೆಮಿಸ್ಟನ್ನು ಮೊದಲೇ ಕೇಳಿ. ಅದಕ್ಕೆ ಬೇರೆ ಬಣ್ಣದ ಡ್ರಮ್ಮು ಕೊಳ್ಳಿ, ಬೀಗ ಹಾಕಿ. ‘ವಿಷ, ಕಣ್ಣು ಹೋಗುತ್ತದೆ’ ಎಂದು ಕನ್ನಡದಲ್ಲಿ ಬರೆಸಿ. ನಮ್ಮ ಕಡೆಯಾದರೆ ಉರ್ದು, ಮರಾಠಿಯಲ್ಲೂ ಇರಲಿ. ಪಾಳಿಯವರನ್ನೆಲ್ಲ ಅದರ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸಿ, ಓದಲು ಬಾರದವರಿಗೆ ನೀವೇ ಓದಿ ಹೇಳಿ. ಬ್ಯಾಚು ಆಮೇಲೆ ಶುರು ಮಾಡಿ.