ಮಣ್ಣಿನಲ್ಲಿ ಓದಿದ ಕಾಲು

ಗೋಕಾಕದ ಹೈಸ್ಕೂಲಿನಲ್ಲಿ ನನ್ನಷ್ಟು ಜೋರಾಗಿ ಓಡುವವನು ಆಗ ಇನ್ನೊಬ್ಬನೇ ಇದ್ದ. ಬೆಲ್ಲ ಹೇರಿದ ಚಕ್ಕಡಿಯ ಗಾಲಿ ಬಲಗಾಲಿನ ಮೇಲೆ ಹಾದ ದಿನ ಆ ಮಾತು ಮುಗಿಯಿತು. ಎಲುಬು ಕೂಡಿಸಿ ಕಟ್ಟಿದವರು ಹುಕ್ಕೇರಿಯ ಹುಸೇನಸಾಬರು. ಮೂರು ತಿಂಗಳು ಮಲಗಿಸಿದರು.

ವರ್ಷ ಕಳೆದ ಮೇಲೆ, ಓಟದ ಪಂದ್ಯಕ್ಕೆ ಹೆಸರು ಕೊಡಲೋ ಬೇಡವೋ ಎಂದು ಅವರನ್ನು ಕೇಳಲು ಹೋದೆ. ಅವರು ಕಾಲು ಮುಟ್ಟಲೇ ಇಲ್ಲ. ಅಂಗಳದ ಹುಡಿಮಣ್ಣಿನಲ್ಲಿ ಬರಿಗಾಲಲ್ಲಿ ಓಡಿಸಿ, ಕುಕ್ಕರಗಾಲಿನಲ್ಲಿ ಕೂತು ನನ್ನ ಹೆಜ್ಜೆ ನೋಡಿದರು. ಎಡಹೆಜ್ಜೆ ಆಳವಾಗಿತ್ತು. ಬಲದ್ದು ಮಣ್ಣಿಗೆ ತಾಗಿಯೂ ತಾಗದಂತಿತ್ತು.

"ಎಲುಬು ಗಟ್ಟಿ ಆಗೇತಿ ತಮ್ಮಾ. ನೀನ ಅದರ ಮ್ಯಾಲ ಭಾರ ಹಾಕಾಕ ಅಂಜತಿ."

"ಮತ್ತ ಮುರದರ ಏನ್ ಮಾಡ್ಲಿರಿ ಕಾಕಾ?"

"ಮತ್ತ ಕಟ್ಟತೇನಿ. ನಾ ಎಲ್ಲಿ ಹೋಗತೇನಿ."

ಪಂದ್ಯದಲ್ಲಿ ನಾನು ನಾಲ್ಕನೆಯವನಾದೆ. ಗೆದ್ದವನು ಆ ಇನ್ನೊಬ್ಬನೇ. ಎಲ್ಲರೂ ಅವನನ್ನು ಮುತ್ತಿಕೊಂಡಾಗ ನಾನು ತಲೆ ತಗ್ಗಿಸಿ, ಓಡಿದ ದಾರಿಯಲ್ಲೇ ಹಿಂದಕ್ಕೆ ನಡೆದೆ. ಅಲ್ಲಿ ಹುಸೇನಸಾಬರು ಬಗ್ಗಿ ನಿಂತಿದ್ದರು. ಅಷ್ಟು ದೂರದಿಂದ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ನನ್ನ ಹೆಜ್ಜೆಗಳನ್ನು ತೋರಿಸಿ, "ಈಗ ಎರಡೂ ಸಮ ಅದಾವ ನೋಡು" ಎಂದರು. ಎಷ್ಟನೆಯವನಾದೆ ಎಂದು ಕೇಳಲಿಲ್ಲ.

ಆಮೇಲೆ ಪಕ್ಕದಲ್ಲೇ ಮೂಡಿದ್ದ ಗೆದ್ದವನ ಹೆಜ್ಜೆಯನ್ನೂ ನೋಡಿ ತಲೆ ಅಲ್ಲಾಡಿಸಿದರು. "ಇಂವಾ ಹಿಮ್ಮಡ ಬಡದು ಓಡ್ತಾನ. ಮೊಣಕಾಲ ಹಿಡಕೊಂಡು ನನ್ನ ಕಡೆ ಬಂದ ಬರ್ತಾನ."

ಮುಂದಿನ ಸುಗ್ಗಿಗೆ ಬಂದ. ಅವನನ್ನು ಹುಕ್ಕೇರಿಗೆ ಕರೆದುಕೊಂಡು ಹೋದದ್ದು ನಾನೇ, ಅದೇ ಬೆಲ್ಲದ ಚಕ್ಕಡಿಯಲ್ಲಿ.